ಒಂದೇ ಸಲದ ಪಾಸ್‌ವರ್ಡು

ಕೊಯ್ಲು ಯಂತ್ರದ ಸಂಘದಲ್ಲಿ ಇದ್ದದ್ದು ಒಂದು ಯಂತ್ರ, ಅರವತ್ತೊಂದು ಮಂದಿ ಸದಸ್ಯರು, ಒಬ್ಬ ಗುಮಾಸ್ತ. ಇವುಗಳಲ್ಲಿ ಅತಿ ಹೆಚ್ಚು ಸದ್ದು ಮಾಡುವುದು ಗುಮಾಸ್ತ ಎಂಬುದು ಯಂತ್ರದ ಚಾಲಕನ ಅಭಿಪ್ರಾಯ. ಆದರೆ ಚಾಲಕ ವರ್ಷದಲ್ಲಿ ಹತ್ತು ತಿಂಗಳು ಯಂತ್ರಕ್ಕೆ ಎಣ್ಣೆ ಹಾಕುತ್ತ ಸುಮ್ಮನೆ ಕೂತಿರುವ ಮನುಷ್ಯನಾದ್ದರಿಂದ ಅವನ ಮಾತಿಗೆ ಯಾರೂ ಬೆಲೆ ಕೊಡುತ್ತಿರಲಿಲ್ಲ.

ಸಂಘದ ಕಚೇರಿ ಎಂದರೆ ಒಂದು ಕೋಣೆ, ಬೀದಿಗೆ ತೆರೆದ ಒಂದು ಕಿಟಕಿ, ಒಂದು ಕಂಪ್ಯೂಟರು. ಎದುರಿಗೆ ಹಿಟ್ಟಿನ ಗಿರಣಿ. ಗಿರಣಿ ನಡೆಯುವಾಗ ಕಿಟಕಿ ತೆರೆದಿದ್ದರೆ ಕೀಲಿಮಣೆಯ ಮೇಲೆ ತೆಳ್ಳಗೆ ಹಿಟ್ಟು ಕೂರುತ್ತಿತ್ತು. ಗುಮಾಸ್ತ ಆ ದಿನ ಕೆಲಸ ಮಾಡಿದನೋ ಇಲ್ಲವೋ ಎಂಬುದು ಸಂಜೆ ಅದನ್ನು ನೋಡಿದರೆ ಗೊತ್ತಾಗುತ್ತಿತ್ತು. ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ಆತನ ಪ್ರಮಾಣಪತ್ರ: ಆರು ವಾರಗಳ ಸಂಜೆ ತರಗತಿಯಲ್ಲಿ ಈತ ಪ್ರೋಗ್ರಾಂ ಬರೆಯಲು ಕಲಿತಿದ್ದಾನೆ, ಎಂದು. ಆ ಆರರಲ್ಲಿ ಒಂದು ವಾರ ಹಲ್ಲುನೋವಿನಿಂದಾಗಿ ಹೋಗಿರಲಿಲ್ಲ ಎಂಬುದು ಪ್ರಮಾಣಪತ್ರದಲ್ಲಿ ಇಲ್ಲ. ಆ ವಾರ ಏನು ಕಲಿಸಿದರು ಎಂಬುದೇ ಈ ಕಥೆ.

ಸಂಘದ ಕ್ರಮ ಹೀಗೆ. ಗೋಧಿ ಕೊಯ್ಲಿಗೆ ಯಂತ್ರ ಬೇಕಾದವರು ಸಂಘದ ವೆಬ್‌ಸೈಟಿನಲ್ಲಿ ತಮ್ಮ ಪಾಸ್‌ವರ್ಡು ಹಾಕಿ ಒಳಗೆ ಹೋಗಿ ಸರದಿ ಬರೆಸಬೇಕು. ಅಷ್ಟಕ್ಕೆ ಮುಗಿಯಲಿಲ್ಲ. ಗೋಧಿ ಇಂಥ ದಿನವೇ ಕೊಯ್ಲಿಗೆ ಬರುತ್ತದೆಂದು ವಾರದ ಮೊದಲೇ ಹೇಳಲಾಗದು. ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಬೇಕು. ಕಟಕ್ ಎಂದರೆ ಕೊಯ್ಯಬಹುದು; ಹಲ್ಲಿನ ಗುರುತು ಬಿದ್ದರೆ ಇನ್ನೂ ಹಸಿ. ಹೀಗಾಗಿ ಹಿಂದಿನ ದಿನ ಸಂಜೆ ಆರರೊಳಗೆ ಮತ್ತೆ ಒಳಗೆ ಹೋಗಿ 'ಖಚಿತ' ಎಂಬ ಗುಂಡಿ ಒತ್ತಬೇಕು. ಒತ್ತದಿದ್ದರೆ ಸರದಿ ಮುಂದಿನವರಿಗೆ ಹೋಗುತ್ತದೆ. ಯಾರಾದರೂ ಒತ್ತಿದ ಮೇಲೆ ಚಾಲಕನ ಫೋನಿಗೆ ಆ ಹೆಸರು ಬರುತ್ತದೆ. ಬೆಳಗ್ಗೆ ಅವನು ಆ ಹೊಲಕ್ಕೆ ಹೋಗುತ್ತಾನೆ. ಅದರಾಚೆಗೆ ಯಾವ ಪ್ರಶ್ನೆಯನ್ನೂ ಅವನು ಕೇಳುವುದಿಲ್ಲ.

ಇಡೀ ಏರ್ಪಾಡಿನಲ್ಲಿ ಗುಮಾಸ್ತನ ದೊಡ್ಡಸ್ತಿಕೆ ಒಂದೇ. ಅರವತ್ತೊಂದು ಮಂದಿಯ ಪಾಸ್‌ವರ್ಡೂ ಅವನಿಗೆ ಬಾಯಿಪಾಠ. ಕಂಪ್ಯೂಟರಿನಲ್ಲಿ ಅವು ಇದ್ದದ್ದು ಇದ್ದ ಹಾಗೇ ಇದ್ದವು, ಡಬ್ಬಿಯ ಮೇಲೆ ಬರೆದಿಟ್ಟ ಸಾಮಾನಿನ ಹೆಸರಿನ ಹಾಗೆ. ಮರೆತವರು ಬೀದಿಯಿಂದಲೇ ಕೂಗಿ ಕೇಳುತ್ತಿದ್ದರು, ಇವನು ಒಳಗಿನಿಂದಲೇ ಕೂಗಿ ಹೇಳುತ್ತಿದ್ದ. ಎಲ್ಲ ಚೆನ್ನಾಗಿತ್ತು. ಬಡಗಿ ಒಂದು ದಿನ ಸೈಕಲ್ ನಿಲ್ಲಿಸಿ ಒಂದು ಕಾಲು ನೆಲಕ್ಕೆ ಊರಿ, "ಗುಮಾಸ್ತರೇ, ನನ್ನ ಪಾಸ್‌ವರ್ಡ್ ಏನ್ರೀ?" ಎಂದು ಕೇಳುವವರೆಗೆ.

ಗುಮಾಸ್ತ ತಲೆ ಎತ್ತದೆ ಕೂಗಿದ. "ಅತ್ತೆಗೊರಕೆ! ನಡುವೆ ಜಾಗ ಬಿಡಬೇಡಿ!"

ತಲೆ ಎತ್ತಿದ್ದರೆ ಸೈಕಲ್ಲಿನ ಹಿಂದೆ ಕೈಚೀಲ ಹಿಡಿದು ಕೂತಿದ್ದ ಬಡಗಿಯ ಅತ್ತೆ ಕಾಣುತ್ತಿದ್ದಳು. ಆಕೆ ಕೆಳಗಿಳಿದು, ಗಿರಣಿಯ ಜಗಲಿಯ ಮೇಲೆ ಕೂತು, ಮೇಲಿನ ಕಚೇರಿಗೆ ಎರಡು ಪುಟದ ಪತ್ರ ಬರೆದಳು. ಮೊದಲ ಪುಟ ಪೂರ್ತಿ ತಾನು ಗೊರಕೆ ಹೊಡೆಯುವುದಿಲ್ಲ ಎಂಬುದಕ್ಕೆ ಸಾಕ್ಷಿ.

ಹತ್ತೇ ದಿನಕ್ಕೆ ತಪಾಸಣಾಧಿಕಾರಿ ಬಂದರು. ಕಂಪ್ಯೂಟರ್ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಇದೇನ್ರೀ ಗುಮಾಸ್ತರೇ, ಎಲ್ಲರ ಪಾಸ್‌ವರ್ಡೂ ಹೀಗೆ ಬಿಡಿಸಿಟ್ಟಿದೀರಾ?"

"ಓದೋಕೆ ಸುಲಭ ಆಗ್ಲಿ ಅಂತ ಸಾರ್."

"ಯಾರೂ ಓದಬಾರದು ಅಂತಾನೇ ರೀ ಅದು ಇರೋದು! ಯಾರ ಕಣ್ಣಿಗೂ ಬೀಳಬಾರದು. ನಿಮ್ಮ ಕಣ್ಣಿಗೂ."

"ನಾನು ಸಂಘದವನೇ ಅಲ್ವಾ ಸಾರ್?"

ಅಧಿಕಾರಿ ಪಕ್ಕದಲ್ಲಿ ಕೂತಿದ್ದ ಸಂಘದ ಅಧ್ಯಕ್ಷೆಯ ಕಡೆ ತಿರುಗಿದರು. ಆಕೆಗೆ ಅರವತ್ತು ದಾಟಿತ್ತು. ಇಪ್ಪತ್ತು ಎಕರೆ ಗೋಧಿ ಒಬ್ಬಳೇ ಬೆಳೆಯುವ ಹೆಂಗಸು, ಮಾತಿಗಿಂತ ಕಾಯುವುದರಲ್ಲಿ ನಂಬಿಕೆ ಇದ್ದವಳು. "ನೋಡೀಮ್ಮಾ," ಎಂದರು ಅಧಿಕಾರಿ, "ಪಾಸ್‌ವರ್ಡುಗಳನ್ನ ಹ್ಯಾಶ್ ಮಾಡಿ, ಅಂದರೆ ಯಾರೂ ಓದೋಕಾಗದ ಹಾಗೆ ಮಾಡಿ ಇಡಬೇಕು. ಪ್ರೋಗ್ರಾಂ ತಿದ್ದಬೇಕು. ನಮ್ಮ ಪಟ್ಟಣದ ಕಚೇರಿಗೆ ಕೊಟ್ಟರೆ ಎರಡು ತಿಂಗಳು. ಅಲ್ಲೀತನಕ ಸರದಿ ಬರೆಸೋದೆಲ್ಲ ಪಟ್ಟಣದಲ್ಲೇ."

ಸರದಿ ಪಟ್ಟಣಕ್ಕೆ ಹೋದರೆ ಗುಮಾಸ್ತನ ಕುರ್ಚಿಯೂ ಹೋದಂತೆ. ಅವನು ಎದ್ದು ನಿಂತ. ಪ್ರಮಾಣಪತ್ರಕ್ಕೆ ಸರಿಯಾಗಿ ಕೆಳಗೆ ನಿಂತ.

"ಎರಡು ತಿಂಗಳು ಯಾಕೆ ಸಾರ್? ಎರಡು ಸಾಲಿನ ಕೆಲಸ. ನಾನೇ ಮಾಡ್ತೀನಿ."

ಅಧಿಕಾರಿ ಪ್ರಮಾಣಪತ್ರ ನೋಡಿದರು, ಗುಮಾಸ್ತನನ್ನು ನೋಡಿದರು, ಯಾವುದನ್ನು ನಂಬುವುದೆಂದು ತಿಳಿಯದೆ ಅಧ್ಯಕ್ಷೆಯನ್ನು ನೋಡಿದರು. "ಸರಿ. ಆದರೆ ಈ ಕೊಯ್ಲಲ್ಲಿ ಏನಾದರೂ ಎಡವಟ್ಟಾದರೆ ಸರದಿ ಪಟ್ಟಣಕ್ಕೆ. ಆಮೇಲೆ ನನ್ನನ್ನ ಅನ್ನಬೇಡಿ."

ಎರಡು ಸಾಲು ಎಂದದ್ದು ಸುಳ್ಳಲ್ಲ. ಪ್ರೋಗ್ರಾಮಿನಲ್ಲಿ 'ಸದಸ್ಯ' ಎಂಬ ಒಂದು ಮಾದರಿ ಇತ್ತು. ಅರವತ್ತೊಂದು ಮಂದಿಗೆ ಅರವತ್ತೊಂದು ಕಾರ್ಡು ಅಂದುಕೊಳ್ಳಿ. ಹೆಸರು, ಹೊಲ, ಪಾಸ್‌ವರ್ಡು, ಕೊನೆಯ ಸಲ ಒಳಗೆ ಬಂದ ಹೊತ್ತು. ಕಾರ್ಡಿನಲ್ಲಿ ಏನೇ ಬರೆದರೂ ಆಮೇಲೆ ಉಳಿಸಬೇಕು. ಗುಮಾಸ್ತ ಆ ಉಳಿಸುವ ಜಾಗ ಹುಡುಕಿ, ಅದಕ್ಕೆ ಸರಿಯಾಗಿ ಮೇಲೆ, 'ಉಳಿಸುವ ಮೊದಲು ಪಾಸ್‌ವರ್ಡನ್ನು ಹ್ಯಾಶ್ ಮಾಡು' ಎಂದು ಕಂಪ್ಯೂಟರಿನ ಭಾಷೆಯಲ್ಲಿ ಬರೆದ. ಇನ್ನೊಂದು ಸಾಲು, ಒಳಗೆ ಬರುವವರ ಪಾಸ್‌ವರ್ಡನ್ನು ಹೋಲಿಸಿ ನೋಡುವುದಕ್ಕೆ. ಅರವತ್ತೊಂದು ಕಾರ್ಡುಗಳನ್ನೂ ತನ್ನ ಗುಮಾಸ್ತನ ಕಾರ್ಡನ್ನೂ ಒಂದೊಂದು ಸಲ ತೆರೆದು ಉಳಿಸಿದ. ನೋಡುತ್ತಿದ್ದಂತೆ ಅತ್ತೆಗೊರಕೆ ಹೋಗಿ ಅದರ ಜಾಗದಲ್ಲಿ ಅರವತ್ತು ಅಕ್ಷರದ, ಯಾರ ಬಾಯಿಗೂ ಬಾರದ ಸರಪಳಿ ಕೂತಿತು. ತನ್ನ ಪಾಸ್‌ವರ್ಡು ಹಾಕಿ ನೋಡಿದ. ತೆರೆಯಿತು. ಮೇಜಿನ ಮೇಲೆ ಹೊಡೆದ ಏಟಿಗೆ ಹಿಟ್ಟು ಎದ್ದಿತು.

ಒಂದು ಸಲ ನೋಡಿದ. ಎರಡನೆಯ ಸಲ ನೋಡಲಿಲ್ಲ. ತೆರೆದ ಪುಟವನ್ನು ಮುಚ್ಚದೆ ಹಾಗೇ ಇಟ್ಟುಕೊಂಡ.

ಆ ಸಂಜೆಯಿಂದ ಅವನ ಕಷ್ಟ ಶುರುವಾಯಿತು. ಮೊದಲನೆಯ ಕಷ್ಟ, ತನಗೆ ಏನೂ ಗೊತ್ತಿಲ್ಲ ಎಂದು ಜನರನ್ನು ನಂಬಿಸುವುದು. ಬೀದಿಯಿಂದ ಯಾರಾದರೂ ಕೇಳಿದರೆ, "ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಾಗೋ ಹಾಗಿಲ್ಲ," ಎನ್ನುತ್ತಿದ್ದ.

"ನಿನ್ನೆ ಗೊತ್ತಿತ್ತಲ್ಲಪ್ಪಾ?" ಎಂದರು ನಿವೃತ್ತ ಮೇಷ್ಟ್ರು.

"ನಿನ್ನೆದು ನೆನಪಿದೆ ಮೇಷ್ಟ್ರೇ, ಆದರೆ ಇವತ್ತಿಂದ ಹೇಳೋ ಹಾಗಿಲ್ಲ. ಕಂಪ್ಯೂಟರಿಗೂ ಗೊತ್ತಿಲ್ಲ."

"ಕಂಪ್ಯೂಟರಿಗೆ ಗೊತ್ತಿಲ್ಲದೆ ಸರಿಯೋ ತಪ್ಪೋ ಅಂತ ಅದು ಹೇಗೆ ಹೇಳುತ್ತೆ? ನಾನು ಉತ್ತರ ಗೊತ್ತಿಲ್ಲದೆ ಪತ್ರಿಕೆ ತಿದ್ದಿದ ಹಾಗಾಯ್ತು."

ಗುಮಾಸ್ತ ಸುತ್ತ ನೋಡಿದ. ಎದುರಿಗೆ ಗಿರಣಿ ಕಂಡಿತು. "ನೋಡಿ ಮೇಷ್ಟ್ರೇ. ನೀವು ಗೋಧಿ ತರ್ತೀರಿ, ಗಿರಣಿ ಅಕ್ಕ ಹಿಟ್ಟು ಮಾಡ್ತಾಳೆ. ಹಿಟ್ಟನ್ನ ಮತ್ತೆ ಗೋಧಿ ಮಾಡೋಕಾಗುತ್ತಾ? ಆಗಲ್ಲ. ನಾನು ನಿಮ್ಮ ಹಿಟ್ಟು ಮಾತ್ರ ಇಟ್ಟುಕೊಂಡಿದೀನಿ. ನೀವು ಬಂದು ಗೋಧಿ ಕೊಟ್ಟಾಗ ಅದನ್ನೂ ಅರೆದು, ಹಿಟ್ಟಿಗೆ ಹಿಟ್ಟು ಸರಿಹೋಯ್ತಾ ಅಂತ ನೋಡೋದು. ಅದೇ ಹ್ಯಾಶು."

ಗಿರಣಿ ನಡೆಸುವ ಹೆಂಗಸು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ರೆಪ್ಪೆಯ ಮೇಲೂ ಹಿಟ್ಟಿತ್ತು. "ತಮ್ಮ ಚೆನ್ನಾಗಿ ಹೇಳ್ತಾನೆ," ಎಂದು ಒಳಗೆ ಹೋದಳು.

ಮನೆಯಲ್ಲಿ ಹೆಂಡತಿ ಮಾತ್ರ ಮುಖ ಊದಿಸಿಕೊಂಡಳು. "ನನ್ನದೂ ಅರೆದುಬಿಟ್ರಾ?"

"ಎಲ್ಲರದೂ."

"ನನ್ನದು ಏನಿತ್ತು ಅಂತ ಒಂದು ಸಲಾನಾದ್ರೂ ನೋಡಿದ್ರಾ?"

"ನಿನ್ನದು ಕಳೆದ ಕೊಯ್ಲಲ್ಲಿ..." ಎಂದು ಗುಮಾಸ್ತ ತಡವರಿಸಿದ. ಅರವತ್ತು ಮಂದಿಯದು ನೆನಪಿತ್ತು.

"ನಿಮ್ಮ ಹೆಸರೇ ಇಟ್ಟಿದ್ದೆ," ಎಂದು ಅವಳು ಎದ್ದುಹೋದಳು. ಆ ದಿನ ಅವನೇ ಬಡಿಸಿಕೊಂಡು ಉಂಡ.

ಸರದಿ ಬರೆಸುವ ದಿನ ಮಾತ್ರ ಗುಮಾಸ್ತನ ಜೀವನದ ದೊಡ್ಡ ದಿನ. ಅರವತ್ತೊಂದು ಮಂದಿಯೂ ತಮ್ಮ ತಮ್ಮ ಫೋನಿನಿಂದ, ತಮ್ಮ ತಮ್ಮ ಹಳೆಯ ಪಾಸ್‌ವರ್ಡಿನಿಂದ ಒಳಗೆ ಹೋದರು, ಸರದಿ ಬರೆಸಿದರು. ಒಬ್ಬರಿಗೂ ತೊಂದರೆಯಾಗಲಿಲ್ಲ. ಮೊದಲ ಸರದಿ ಮೇಷ್ಟ್ರದು. ಅವರ ಹೊಲ ಕೆರೆಯ ಮೇಲ್ಗಡೆ, ಎಲ್ಲರಿಗಿಂತ ಮೊದಲು ಒಣಗುವ ಮಣ್ಣು. ಕೊನೆಯದು, ಅರವತ್ತೊಂದನೆಯದು, ಗುಮಾಸ್ತನ ಮಾವನದು. ಮಾವ ತಡವಾಗಿ ಬಿತ್ತಿದ್ದ. ಅವನ ಗೋಧಿ ಇನ್ನೂ ಹಸಿರಾಗಿತ್ತು.

ಮಾರನೆಯ ದಿನ ಮೇಷ್ಟ್ರು ಕಿಟಕಿಗೆ ಬಂದರು. "ನನ್ನ ಸರದಿ ಒಂದನೇದೇನಾ ಅಂತ ಇನ್ನೊಂದು ಸಲ ನೋಡೋಣ ಅಂತ ಹೋದೆ. ಬಿಡ್ತಿಲ್ಲ. 'ಪಾಸ್‌ವರ್ಡ್ ತಪ್ಪು' ಅಂತಿದೆ."

"ತಪ್ಪು ಹಾಕಿರ್ತೀರಿ."

ಮೂವತ್ತೆಂಟು ವರ್ಷ ಬೇರೆಯವರ ತಪ್ಪಿಗೆ ಕೆಂಪು ಗೆರೆ ಹಾಕಿದ ಮನುಷ್ಯ ಕಿಟಕಿಯ ಸರಳು ಹಿಡಿದುಕೊಂಡರು. "ನಾನು?"

ಗುಮಾಸ್ತ ಬೇರೆ ಪಾಸ್‌ವರ್ಡು ಹಾಕಿಸಿಕೊಟ್ಟ. ತೆರೆಯಿತು. ಮೇಷ್ಟ್ರು ಸರದಿ ಒಂದನೆಯದೇ ಎಂದು ನೋಡಿ, ಸಮಾಧಾನವಾಗಿ ಮನೆಗೆ ಹೋಗಿ, ಊಟ ಮಾಡಿ, ಇನ್ನೊಮ್ಮೆ ನೋಡೋಣವೆಂದು ನೋಡಿ, ಚಪ್ಪಲಿ ಮೆಟ್ಟಿಕೊಂಡು ಮತ್ತೆ ಬಂದರು. ಅಷ್ಟರಲ್ಲಿ ಕಿಟಕಿಯಲ್ಲಿ ಬಡಗಿಯಿದ್ದ. ಬಡಗಿಯ ಹಿಂದೆ ಇನ್ನೂ ಏಳು ಮಂದಿಯಿದ್ದರು.

ಗುಮಾಸ್ತನಿಗೆ ಎರಡು ದಿನದಲ್ಲಿ ಒಂದು ಮಾತು ಸ್ಪಷ್ಟವಾಯಿತು. ಹೊಸ ಪಾಸ್‌ವರ್ಡು ಹಾಕಿಕೊಟ್ಟರೆ ಒಂದು ಸಲ ತೆರೆಯುತ್ತದೆ. ಎರಡನೆಯ ಸಲ ತೆರೆಯುವುದಿಲ್ಲ. ಯಾಕೆ ಎಂದು ಗೊತ್ತಾಗಲಿಲ್ಲ. ಯಾಕೆ ಎಂದು ಗೊತ್ತಿಲ್ಲ ಎಂದು ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು, ಹಲವರ ನಿದ್ದೆಯೂ ಉಳಿಯುತ್ತಿತ್ತು. ಆದರೆ ಕಿಟಕಿಯಾಚೆ ಒಂಬತ್ತು ಮುಖಗಳಿದ್ದವು, ತಲೆಯ ಮೇಲೆ ಪ್ರಮಾಣಪತ್ರವಿತ್ತು.

"ಇದು ಹೊಸ ಭದ್ರತೆ," ಎಂದ ಗುಮಾಸ್ತ. ಹೇಳಿದ ಮೇಲೆ ಅವನಿಗೇ ಚೆನ್ನಾಗಿ ಕೇಳಿಸಿತು. "ಒಂದು ಪಾಸ್‌ವರ್ಡು, ಒಂದು ಸಲ. ಬೆಂಕಿಕಡ್ಡಿ ಇದ್ದ ಹಾಗೆ. ಕದ್ದವನಿಗೂ ಉಪಯೋಗ ಇಲ್ಲ."

ಜನ ಮುಖ ಮುಖ ನೋಡಿಕೊಂಡರು. ಆಮೇಲೆ, ಆಶ್ಚರ್ಯದ ಮಾತೆಂದರೆ, ಅವರಿಗೆ ಹೆಮ್ಮೆಯಾಯಿತು. ಪಕ್ಕದ ಊರಿನ ಸಂಘದಲ್ಲಿ ಒಂದೇ ಪಾಸ್‌ವರ್ಡನ್ನು ಇಡೀ ವರ್ಷ ತಿಕ್ಕಿ ತಿಕ್ಕಿ ಬಳಸುತ್ತಾರಂತೆ ಎಂದು ಬಡಗಿ ಮೂಗು ಮುರಿದ.

ಹೆಮ್ಮೆ ಮೂರು ದಿನ ಬಾಳಿತು. ಅಷ್ಟರಲ್ಲಿ ಜನರ ಹತ್ತಿರ ಪಾಸ್‌ವರ್ಡು ಮುಗಿಯತೊಡಗಿತು. ಮಕ್ಕಳ ಹೆಸರು ಆಯಿತು, ದನಗಳ ಹೆಸರು ಆಯಿತು. ಬಡಗಿ ಉಳಿ, ಬಾಚಿ, ಗರಗಸ, ಕೊಡತಿ ಎಲ್ಲ ಮುಗಿಸಿ, ಈಗ ಮೊಳೆಗಳನ್ನು ಅಳತೆಯ ಪ್ರಕಾರ ಹಾಕುತ್ತಿದ್ದ. ಕಿಟಕಿಯ ಹತ್ತಿರ ನಿಂತವರು ಯೋಚಿಸುತ್ತ ನಿಂತರೆ ಹಿಂದಿನವರು ಸಹಾಯಕ್ಕೆ ಬರುತ್ತಿದ್ದರು.

"ಕುಂಬಳಕಾಯಿ ಅಂತ ಹಾಕೋ!"

"ಅದು ನಂದು! ಮೊನ್ನೆ ಹಾಕಿದ್ದೆ!"

"ಹಾಗಾದ್ರೆ ಸೋರೆಕಾಯಿ ಹಾಕ್ಕೋ, ಯಾರೂ ಹಾಕಿಲ್ಲ!"

"ಕೂಗಬೇಡ್ರೀ! ಗುಟ್ಟಾಗಿರಬೇಕು ಅದು!" ಎಂದು ಗುಮಾಸ್ತ ಎರಡೂ ಕಿವಿ ಮುಚ್ಚಿಕೊಂಡು ಒಳಗಿನಿಂದ ಕೂಗುತ್ತಿದ್ದ. ಕಿವಿ ಮುಚ್ಚಿಕೊಂಡಿದ್ದರಿಂದ ತಾನು ಎಷ್ಟು ಜೋರಾಗಿ ಕೂಗುತ್ತಿದ್ದೇನೆ ಎಂಬುದು ಅವನಿಗೆ ತಿಳಿಯುತ್ತಿರಲಿಲ್ಲ.

ಅವನು ಒಂದು ಎಚ್ಚರಿಕೆ ಮಾತ್ರ ಎಲ್ಲರಿಗೂ ಹೇಳಿ ಕಳಿಸುತ್ತಿದ್ದ. ಈ ಪಾಸ್‌ವರ್ಡು ಭಾನುವಾರ ಸಂಜೆ 'ಖಚಿತ' ಒತ್ತುವುದಕ್ಕೆ, ಅಲ್ಲಿಯವರೆಗೆ ಮುಟ್ಟಬೇಡಿ. ಜನ ಹೂಂ ಎಂದು ತಲೆಯಾಡಿಸಿ ಮನೆಗೆ ಹೋಗುತ್ತಿದ್ದರು. ಮನೆಯಲ್ಲಿ ಕೂತು, ಇದು ನಿಜವಾಗಿ ತೆರೆಯುತ್ತದೋ ಇಲ್ಲವೋ ಎಂದು ಒಂದೇ ಒಂದು ಸಲ ಪರೀಕ್ಷಿಸಿ ನೋಡುತ್ತಿದ್ದರು. ತೆರೆಯುತ್ತಿತ್ತು. ಸಂತೋಷದಿಂದ ಮುಚ್ಚುತ್ತಿದ್ದರು.

ಭಾನುವಾರ ಕಚೇರಿಗೆ ರಜೆ. ಗುಮಾಸ್ತ ಹೆಂಡತಿಯ ಕೋಪ ಇಳಿಸಲೆಂದು ಅವಳನ್ನು ದೂರದ ಅವಳ ಚಿಕ್ಕಮ್ಮನ ಮನೆಗೆ ಕರೆದುಕೊಂಡು ಹೋಗಿದ್ದ. ಇತ್ತ ಮೇಷ್ಟ್ರು ಮಧ್ಯಾಹ್ನ ಹೊಲಕ್ಕೆ ಹೋಗಿ ಕಾಳು ಕಚ್ಚಿದರು. ಕಟಕ್ ಎಂದಿತು. ಪಡುವಣ ದಿಕ್ಕಿನಲ್ಲಿ ಒಂದು ಮೋಡ, ಕಂಬಳಿ ಮಡಚಿಟ್ಟ ಹಾಗೆ, ಅಲುಗದೆ ಕೂತಿತ್ತು. ಮನೆಗೆ ಬಂದು ಫೋನು ತೆಗೆದರು. ಪಾಸ್‌ವರ್ಡು ತಪ್ಪು. ಸರದಿ ಎರಡನೆಯವನಿಗೆ ಹೋಯಿತು. ಪಾಸ್‌ವರ್ಡು ತಪ್ಪು. ಮೂರನೆಯವನಿಗೆ. ಹೀಗೆ ಮನೆಯಿಂದ ಮನೆಗೆ, ಬೀದಿಯಿಂದ ಬೀದಿಗೆ, ಅಧ್ಯಕ್ಷೆಯನ್ನೂ ಬಿಡದೆ, ಅರವತ್ತು ಮಂದಿಯನ್ನು ದಾಟಿ ಸರದಿ ಗುಮಾಸ್ತನ ಮಾವನ ಹತ್ತಿರ ಬಂದು ನಿಂತಿತು.

ಮಾವ ಬರೆಸಿದ ದಿನ ತೆರೆದ ಪುಟವನ್ನು ಮುಚ್ಚಿಯೇ ಇರಲಿಲ್ಲ. ಮುಚ್ಚಿದರೆ ಮತ್ತೆ ತೆರೆಯುವುದು ಹೇಗೆಂದು ಗೊತ್ತಿಲ್ಲದ ಕಾರಣ ಆ ಫೋನನ್ನು ಹಾಗೇ ಕಪಾಟಿನಲ್ಲಿಟ್ಟು, ಮಾತಾಡುವುದಕ್ಕೆ ಹೆಂಡತಿಯ ಫೋನು ಬಳಸುತ್ತಿದ್ದ. ಕಪಾಟಿನೊಳಗೆ ಟಿಣ್ ಎಂದಿತು. ತೆಗೆದು ನೋಡಿದರೆ ಹಸಿರು ಗುಂಡಿ: ಖಚಿತ. ಗುಂಡಿ ಕಂಡಮೇಲೆ ಒತ್ತದೆ ಬಿಡುವ ಮನುಷ್ಯನಲ್ಲ ಆತ. ಒತ್ತಿದ.

ಸೋಮವಾರ ಬೆಳಗ್ಗೆ ಆರೂವರೆಗೆ ಯಂತ್ರ ಊರ ಬೀದಿಯಲ್ಲಿ ಬಂತು. ಮೇಷ್ಟ್ರು ಹೊಲದ ಬದುವಿನಲ್ಲಿ ನಿಂತು ಕೈ ಬೀಸಿದರು. ಚಾಲಕನೂ ಕೈ ಬೀಸಿ ಮುಂದೆ ಹೋದ. ಹಣ್ಣಾಗಿ ಬಾಗಿ ನಿಂತ ಹೊಲಗಳನ್ನು ಒಂದೊಂದಾಗಿ ದಾಟಿ, ಯಂತ್ರ ಸೀದಾ ಮಾವನ ಹಸಿರು ಹೊಲದ ಮುಂದೆ ನಿಂತಿತು.

ಮಾವ ಹಲ್ಲುಜ್ಜುತ್ತಿದ್ದ. ಬಾಯಿಯ ನೊರೆಯೊಂದಿಗೇ ಓಡಿಬಂದ. "ಏಯ್! ಎಲ್ಲಿಗೆ?"

"ನಿಮ್ಮ ಗೋಧಿ ಕೊಯ್ಯೋಕೆ."

"ಕಣ್ಣು ಕಾಣಲ್ವಾ? ಹಸಿರಾಗಿದೆ!"

"ಹಸಿರು ಗಿಸಿರು ನಂಗೆ ಗೊತ್ತಿಲ್ಲ. ಖಚಿತ ಅಂತ ಬಂದಿದೆ," ಎಂದು ಚಾಲಕ ಫೋನು ತೋರಿಸಿದ.

ಮಾವ ಯಂತ್ರದ ಮುಂದೆ ಅಡ್ಡ ಮಲಗಿದ. ಅಷ್ಟರಲ್ಲಿ ಹಿಂದಿನಿಂದ ಊರೇ ಬಂದಿತ್ತು, ಎಲ್ಲರಿಗಿಂತ ಮುಂದೆ ಮೇಷ್ಟ್ರು. ಅರವತ್ತು ಮಂದಿಯ ಪಾಸ್‌ವರ್ಡು ಕೆಡುತ್ತದೆ, ಗುಮಾಸ್ತನ ಮಾವನದೊಂದೇ ಕೆಡುವುದಿಲ್ಲ. ಇದರಿಂದ ಏನು ತಿಳಿಯುತ್ತದೆ? ಮೇಷ್ಟ್ರು ಹಳೆಯ ಅಭ್ಯಾಸದಂತೆ ಪ್ರಶ್ನೆಯನ್ನು ಎಲ್ಲರ ಮುಂದಿಟ್ಟರು. ಉತ್ತರ ಎಲ್ಲರಿಗೂ ಗೊತ್ತಿತ್ತು.

"ಅಳಿಯನ ಉಪಕಾರ!" ಎಂದ ಬಡಗಿ.

"ಉಪಕಾರಾನಾ ಇದು?" ಎಂದು ಮಾವ ಮಲಗಿದಲ್ಲಿಂದಲೇ ಕಿರುಚಿದ. "ನನ್ನ ಹಸಿ ಬೆಳೆ ಕತ್ತರಿಸೋಕೆ ಕಳಿಸಿದಾನೆ! ಹೆಣ್ಣು ಕೊಟ್ಟ ತಪ್ಪಿಗೆ ಹೊಲ ಬೇರೆ ತೆಗೀತಾನಾ?"

ಹೀಗೆ ಒಂದೇ ಬೆಳಗ್ಗೆ ಗುಮಾಸ್ತ ಮಾವನಿಗೆ ಒಳ್ಳೆಯದು ಮಾಡಿದ ಕಳ್ಳನೂ, ಮಾವನಿಗೆ ಕೇಡು ಮಾಡಿದ ದ್ರೋಹಿಯೂ ಆದ. ಎರಡು ಆರೋಪಗಳೂ ಒಟ್ಟಿಗೆ ಕೈಕೈ ಹಿಡಿದು ಕಚೇರಿಗೆ ಬಂದವು.

ಗುಮಾಸ್ತ ಬಾಗಿಲು ತೆಗೆದ ಅರೆಕ್ಷಣದಲ್ಲಿ ಒಳಗೆ ನಿಲ್ಲಲು ಜಾಗವಿರಲಿಲ್ಲ. ಅಧ್ಯಕ್ಷೆ ಅವನ ಕುರ್ಚಿಯಲ್ಲಿ ಕೂತಿದ್ದಳು. ಆಕೆಯ ಇಪ್ಪತ್ತು ಎಕರೆಯೂ ಹಣ್ಣಾಗಿತ್ತು. ಮೋಡ ಈಗ ಪಡುವಣ ದಿಕ್ಕಿನಿಂದ ಒಂದು ಗೇಣು ಮೇಲೆ ಬಂದಿತ್ತು.

"ಏನಪ್ಪಾ ಇದು?" ಎಂದಳು.

"ಹೊಸ ಭದ್ರತೆ..." ಎಂದು ಗುಮಾಸ್ತ ಶುರುಮಾಡಿದ. ಆಕೆ ಕಿಟಕಿಯ ಕಡೆ ನೋಡಿದಳು. ಅವನೂ ನೋಡಿದ. ಗಾಳಿ ಬೀಸಿದಾಗ ದೂರದ ಹೊಲ ಅಲೆಯಂತೆ ಬಾಗಿ ಎದ್ದಿತು. ಒಂದು ಮಳೆ ಸಾಕು, ಅದು ಏಳುವುದಿಲ್ಲ.

"ಭದ್ರತೆ ಅಲ್ಲ," ಎಂದ ಗುಮಾಸ್ತ. ಧ್ವನಿ ಇಳಿದಿತ್ತು. "ಎಲ್ಲೋ ತಪ್ಪಾಗಿದೆ. ಎಲ್ಲಿ ಅಂತ ನನಗೆ ಗೊತ್ತಿಲ್ಲ. ಒಂದು ವಾರದಿಂದ ಗೊತ್ತಿಲ್ಲ. ಸುಳ್ಳು ಹೇಳಿದೆ."

ಬಡಗಿ ಅಂದ, "ಅಲ್ರೀ, ನನ್ನ ಇಪ್ಪತ್ಮೂರು ಮೊಳೆ ಸುಮ್ಮನೆ ಹೋಯ್ತಾ?"

"ನಾನು ರಾಜೀನಾಮೆ ಕೊಡ್ತೀನಿ," ಎಂದ ಗುಮಾಸ್ತ. ನಿಂತಲ್ಲಿಂದಲೇ ಕೀಲಿಮಣೆಗೆ ಬಾಗಿ ಬರೆದ. ಸಂಘದ ಯಾವ ಅರ್ಜಿಯೂ ಕಾಗದದಲ್ಲಿ ಇರಬಾರದು, ಎಲ್ಲ ವೆಬ್‌ಸೈಟಿನಲ್ಲೇ ಬರಬೇಕು ಎಂದು ಹೋದ ವರ್ಷ ಹಟ ಹಿಡಿದವನು ಅವನೇ. ಅಧ್ಯಕ್ಷೆ ಒಳಗೆ ಹೋಗಿ 'ಒಪ್ಪಿಗೆ' ಒತ್ತಬೇಕು.

"ಒತ್ತಬೇಕಾದ್ರೆ ನಾನು ಒಳಗೆ ಹೋಗಬೇಕಲ್ಲ," ಎಂದಳು ಅಧ್ಯಕ್ಷೆ. "ನನ್ನದೂ ತೆರೀತಿಲ್ಲ. ಮೊದಲು ನನ್ನನ್ನ ಒಳಗೆ ಬಿಡು. ಆಮೇಲೆ ನಿನ್ನನ್ನ ಹೊರಗೆ ಹಾಕ್ತೀನಿ."

ಇದು ನ್ಯಾಯವೆಂದು ಎಲ್ಲರೂ ಒಪ್ಪಿದರು. ಆದರೆ ತಪ್ಪು ಎಲ್ಲಿದೆ? ಗುಮಾಸ್ತ ಪರದೆಯನ್ನು ದಿಟ್ಟಿಸಿದ. ಹಿಂದೆ ಅರವತ್ತು ಜನರ ಉಸಿರು ಅವನ ಕುತ್ತಿಗೆಗೆ ತಾಗುತ್ತಿತ್ತು. ಬಾಗಿಲಲ್ಲಿ ಗಿರಣಿಯ ಹೆಂಗಸು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.

"ತಮ್ಮಾ, ನಾನೊಂದು ಕೇಳಲಾ? ಹಿಟ್ಟಿಗೆ ಹಿಟ್ಟು ಸರಿಹೋದ್ರೆ ಒಳಗೆ ಬಿಡ್ತೀಯ. ಆಮೇಲೆ ಏನು ಮಾಡ್ತೀಯ?"

"ಏನಿಲ್ಲಕ್ಕ. ಬಂದ ಹೊತ್ತು ಎಷ್ಟು ಅಂತ ಕಾರ್ಡಲ್ಲಿ ಬರೀತೀನಿ."

"ಬರೆದು?"

"ಬರೆದು ಉಳಿಸ್ತೀನಿ."

"ಉಳಿಸೋವಾಗ?"

ಗುಮಾಸ್ತನ ಬೆರಳು ಪರದೆಯ ಮೇಲೆ ಉಳಿಸುವ ಸಾಲನ್ನು ಹುಡುಕಿತು.

"ಅಲ್ಲಪ್ಪಾ," ಎಂದಳು ಆಕೆ, "ಯಾರೋ ಬಂದು ಹಿಟ್ಟು ನೋಡ್ಕೊಂಡು ಹೋದ್ರು ಅಂತ ಚೀಲದ ಮೇಲೆ ತಾರೀಕು ಬರೆಯೋದು ಸರಿ. ಅದಕ್ಕೋಸ್ಕರ ಹಿಟ್ಟನ್ನ ಮತ್ತೆ ಗಿರಣಿಗೆ ಸುರೀತೀಯಾ? ನಾನು ಹಾಗೆ ಮಾಡಿದ್ರೆ ಜನ ನನ್ನನ್ನೇ ಅರೀತಾರೆ."

ಉಳಿಸುವ ಮೊದಲು ಹ್ಯಾಶ್ ಮಾಡು. ಅವನೇ ಬರೆದ ಸಾಲು. ಯಾವಾಗ ಉಳಿಸಿದರೂ, ಯಾವುದನ್ನು ಉಳಿಸಿದರೂ, ಅರೆದದ್ದನ್ನೇ ಮತ್ತೆ ಅರೆ. ಒಳಗೆ ಬಂದವರ ಹೊತ್ತು ಬರೆದು ಉಳಿಸಿದ ಕೂಡಲೇ ಅವರ ಪಾಸ್‌ವರ್ಡಿನ ಹಿಟ್ಟು ಇನ್ನೊಂದು ಸುತ್ತು ಅರೆದು ಬೇರೆಯೇ ಹಿಟ್ಟಾಗಿರುತ್ತಿತ್ತು. ಮೇಷ್ಟ್ರು ಒಂದೂ ತಪ್ಪು ಮಾಡಿರಲಿಲ್ಲ. ಅವರು ಒಳಗೆ ಬಂದದ್ದೇ ಅವರನ್ನು ಹೊರಗೆ ಹಾಕುತ್ತಿತ್ತು.

ಗುಮಾಸ್ತ ಆ ಸಾಲಿಗೆ ಒಂದು ಷರತ್ತು ಸೇರಿಸಿದ: ಪಾಸ್‌ವರ್ಡು ಬದಲಾಗಿದ್ದರೆ ಮಾತ್ರ. ಸೇರಿಸುವುದಕ್ಕೆ ಅರ್ಧ ನಿಮಿಷ ಹಿಡಿಯಿತು. ಹಲ್ಲುನೋವಿನ ವಾರ ಕಲಿಸಿದ್ದು ಇಷ್ಟೇ.

"ಈಗ ಹೊಸ ಪಾಸ್‌ವರ್ಡು ಹಾಕಿ ಅಧ್ಯಕ್ಷರೇ. ನಾನು ಆ ಕಡೆ ತಿರುಗ್ತೀನಿ."

ಅವನು ಗೋಡೆಗೆ ಮುಖ ಮಾಡಿ ನಿಂತ. ಅವನನ್ನು ನೋಡಿ ಕೋಣೆಯಲ್ಲಿದ್ದವರೆಲ್ಲ ಗೋಡೆಗೆ ಮುಖ ಮಾಡಿದರು. ಒಂದೊಂದೇ ಅಕ್ಷರ ಹುಡುಕಿ ಒತ್ತುವ ಸದ್ದು ಕೇಳಿಸಿತು.

"ತೆರೀತು," ಎಂದಳು ಅಧ್ಯಕ್ಷೆ.

"ಮೊದಲ್ನೇ ಸಲ ಯಾವಾಗ್ಲೂ ತೆರೆಯುತ್ತೆ ಕಣಕ್ಕಾ," ಎಂದರು ಮೇಷ್ಟ್ರು. "ಅದರಲ್ಲೇನಿದೆ."

ಆಕೆ ಒಳಗಿರುವಾಗಲೇ ಮಾಡಬೇಕಾದ್ದು ಮಾಡಿದಳು. ಮಾವನ ಖಚಿತವನ್ನು ರದ್ದು ಮಾಡಿ ಮೇಷ್ಟ್ರ ಹೆಸರು ಹಾಕಿದಳು. ಜನರ ಹಿಂದೆಯೇ ಯಂತ್ರ ತಂದು ಬೀದಿಯಲ್ಲಿ ನಿಂತಿದ್ದ ಚಾಲಕನ ಫೋನು ಟಿಣ್ ಎಂದಿತು. ಯಂತ್ರ ಹೊರಟ ಸದ್ದು ಕೇಳಿಸಿತು. ಮೇಷ್ಟ್ರು ಯಂತ್ರದ ಹಿಂದೆ ಓಡುವುದೋ ಇಲ್ಲಿಯ ತೀರ್ಪು ನೋಡುವುದೋ ಎಂದು ಬಾಗಿಲಲ್ಲಿ ಒಂದು ಕಾಲು ಹೊರಗಿಟ್ಟು ನಿಂತರು.

ಅಧ್ಯಕ್ಷೆ ಹೊರಗೆ ಬಂದಳು. ಪುಟ ಮುಚ್ಚಿದಳು. ಈಗ ಎರಡನೆಯ ಸಲ. ಒಳಗೆ ರಾಜೀನಾಮೆ ಕಾದಿತ್ತು. ಬಾಗಿಲು ತೆರೆಯದಿದ್ದರೆ ಅದನ್ನು ಒಪ್ಪುವಂತಿಲ್ಲ, ಗುಮಾಸ್ತನ ಕೆಲಸ ಇವತ್ತಿಗೆ ಉಳಿಯುತ್ತದೆ; ಆದರೆ ಐವತ್ತೊಂಬತ್ತು ಹೊಲಗಳು ಮಳೆಗೆ ಬೀಳುತ್ತವೆ. ತೆರೆದರೆ ಹೊಲಗಳು ಉಳಿಯುತ್ತವೆ, ಅವನು ಮನೆಗೆ ಹೋಗುತ್ತಾನೆ. ಗುಮಾಸ್ತ ಗೋಡೆಗೆ ಹಣೆ ಹಚ್ಚಿ, ತೆರೆಯಲಿ, ತೆರೆಯಲಿ ಎಂದು ತನ್ನ ಕೆಲಸ ಹೋಗಲೆಂದು ಬೇಡಿಕೊಂಡ. ಅಷ್ಟು ಮನಸ್ಸಿಟ್ಟು ಅವನು ಜೀವನದಲ್ಲಿ ಏನನ್ನೂ ಬೇಡಿಕೊಂಡಿರಲಿಲ್ಲ.

ಒಂದೊಂದೇ ಅಕ್ಷರ. ನಡುವೆ ಆಕೆ ಒಮ್ಮೆ ನಿಂತಳು. ಮರೆತಳೋ ಎಂದು ಎಲ್ಲರೂ ಉಸಿರು ಹಿಡಿದರು. ಮತ್ತೆ ಶುರುವಾಯಿತು. ಕೊನೆಯ ಗುಂಡಿ.

"ತೆರೀತು," ಎಂದಳು.

ಕೋಣೆ ಹೋ ಎಂದಿತು. ಮೇಷ್ಟ್ರು ಹೊರಗಿದ್ದ ಕಾಲಿನ ಕಡೆಗೇ ಓಡಿದರು. ಮಾವ ಯಾರನ್ನೋ ಅಪ್ಪಿಕೊಂಡು, ಅದು ಅಳಿಯನೆಂದು ತಿಳಿದು ಬಿಟ್ಟುಬಿಟ್ಟ. ಹೊಸ ಪಾಸ್‌ವರ್ಡು ಹಾಕಿಸಿಕೊಳ್ಳಲು ಬೀದಿಯವರೆಗೆ ಸಾಲು ನಿಂತಿತು.

ಅಧ್ಯಕ್ಷೆ ಮಾತ್ರ ಏಳಲಿಲ್ಲ. ರಾಜೀನಾಮೆಯನ್ನು ತೆರೆದು ನಿಧಾನವಾಗಿ ಓದಿದಳು. ಮೇಲಿಂದ ಕೆಳಗೆ ಓದಿ, ಮತ್ತೆ ಮೇಲಿಂದ ಓದಿದಳು. ಕೆಳಗೆ 'ಒಪ್ಪಿಗೆ', 'ನಿರಾಕರಣೆ' ಎಂದು ಎರಡು ಗುಂಡಿಗಳಿದ್ದವು. ಗುಮಾಸ್ತ ಕೈಕಟ್ಟಿ ನಿಂತಿದ್ದ.

"ಎರಡು ಸಲ ತೆರೀತು, ಸರಿ," ಎಂದಳು. "ಮೂರನೇ ಸಲ ತೆರೆಯುತ್ತೆ ಅಂತ ಏನು ಗ್ಯಾರಂಟಿ? ನಾಳೆ ಒಮ್ಮೆ ನೋಡಿ ಆಮೇಲೆ ತೀರ್ಮಾನ ಮಾಡ್ತೀನಿ."

ಯಾವ ಗುಂಡಿಯನ್ನೂ ಒತ್ತದೆ ಪುಟ ಮುಚ್ಚಿ ಹೊಲಕ್ಕೆ ಹೋದಳು.

ಮಾರನೆಯ ದಿನ ತೆರೆಯಿತು. ನಾಲ್ಕನೆಯ ಸಲವೂ ತೆರೆಯಿತು. ಕೊಯ್ಲು ಮುಗಿಯಿತು, ಮಾವನ ಗೋಧಿಯೂ ಕೊನೆಯ ದಿನ ಹಣ್ಣಾಗಿ ಒಳಗೆ ಬಂತು; ತಡೆದು ತಡೆದು ಮೋಡ ಸುರಿಯುವ ಹೊತ್ತಿಗೆ ಹೊಲಗಳಲ್ಲಿ ಕೂಳೆ ಮಾತ್ರ ಉಳಿದಿತ್ತು. ಅಧ್ಯಕ್ಷೆ ಈಗಲೂ ದಿನಾ ಬೆಳಗ್ಗೆ ಕಿಟಕಿಯ ಹತ್ತಿರ ಬಂದು, ಗುಮಾಸ್ತನನ್ನು ಗೋಡೆಗೆ ತಿರುಗಿಸಿ ನಿಲ್ಲಿಸಿ, ಪಾಸ್‌ವರ್ಡು ಹಾಕಿ ಒಳಗೆ ಹೋಗುತ್ತಾಳೆ. ರಾಜೀನಾಮೆ ಇನ್ನೂ ಅಲ್ಲೇ ಇದೆ. ಆಕೆ ಅದನ್ನು ಒಮ್ಮೆ ಪೂರ್ತಿ ಓದುತ್ತಾಳೆ, "ಇವತ್ತೂ ತೆರೀತು," ಎನ್ನುತ್ತಾಳೆ, ಹೊಲಕ್ಕೆ ಹೋಗುತ್ತಾಳೆ.